ಗೋವಿನ ಹಾಡಿನ ತೆರೆಯ ರೂಪಗಳು: ಹಾಸನ ಸೀಮೆಯ ಹಿನ್ನೆಲೆಯಲ್ಲಿ ಒಂದು ತೌಲನಿಕ ವಿವೇಚನೆ

ಕನ್ನಡ ಚಲನಚಿತ್ರ ವಿಮರ್ಶೆಯಲ್ಲಿ ‘ರೀಮೇಕ್’ ಎಂಬ ಮಾತು ಪರಭಾಷೆಯ ಚಿತ್ರವೊಂದನ್ನು ಕನ್ನಡದಲ್ಲಿ ಮತ್ತೆ ತೆಗೆಯುವುದೆಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಾಗಿದೆ. ಆ ಚರ್ಚೆಯಲ್ಲಿ ಸ್ವಂತಿಕೆ ಮತ್ತು ಮಾರುಕಟ್ಟೆಯ ಪ್ರಶ್ನೆಗಳು ಮುಂದಾಗಿ, ಪ್ರೇಕ್ಷಕರ ನೆನಪಿನ ಪ್ರಶ್ನೆ ಹಿಂದೆ ಸರಿದಿದೆ. ಬಾಲ್ಯದಲ್ಲಿ ಮನಸ್ಸಿಗೆ ಹತ್ತಿದ ಕೃತಿಯೊಂದು ಮುಂದೆ ಬೇರೆ ರೂಪದಲ್ಲಿ ಎದುರಾದಾಗ ನೋಡುವವರು ಅದನ್ನು ತಮ್ಮ ನೆನಪಿನೊಡನೆ ಹೋಲಿಸುತ್ತಾರೆ. ಆ ನೆನಪಿಲ್ಲದವರಿಗೆ ಅದೇ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಪರಿಶೀಲಿಸಲು ‘ಗೋವಿನ ಹಾಡು’, ಅದನ್ನು ಆಧರಿಸಿದ ಕಾದಂಬರಿ ಹಾಗೂ ಆ ಕಾದಂಬರಿಯಿಂದ ಹುಟ್ಟಿದ ಎರಡು ಚಲನಚಿತ್ರಗಳು ಯೋಗ್ಯ ನಿದರ್ಶನಗಳಾಗಿವೆ.

ಗೋವಿನ ಹಾಡಿನ ಕಥೆ ಕನ್ನಡಿಗರಿಗೆ ಹೊಸದಲ್ಲ. ಗೊಲ್ಲ ಕಾಳಿಂಗನ ಮಂದೆಯ ಹಸು ಪುಣ್ಯಕೋಟಿ, ಹಸಿದ ಹುಲಿ ಅರ್ಬುತನ ಕೈಗೆ ಸಿಕ್ಕುತ್ತದೆ. ಕರುವಿಗೆ ಹಾಲುಣಿಸಿ ಬರುವೆನೆಂದು ಮಾತು ಕೊಟ್ಟು ದೊಡ್ಡಿಗೆ ಹೋಗಿ, ಕೊಟ್ಟ ಮಾತಿನಂತೆ ಹಿಂದಿರುಗುತ್ತದೆ. ಆ ಸತ್ಯಕ್ಕೆ ಮಣಿದ ಹುಲಿ ತಾನೇ ಪ್ರಾಣ ಬಿಡುತ್ತದೆ. ತಾಯಂದಿರ ಬಾಯಿಂದಲೂ ಶಾಲೆಯ ಪಠ್ಯಗಳಿಂದಲೂ ಹಲವು ತಲೆಮಾರುಗಳ ಮಕ್ಕಳಿಗೆ ಈ ಕಥೆ ತಲುಪಿದೆ. ಅಗಲುವ ತಾಯಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಸಂದರ್ಭ ಇದರ ಹೃದಯಭಾಗ. ಕರು ತಬ್ಬಲಿಯಾಗುವ ಭಯಕ್ಕೆ ಇಡೀ ಮಂದೆಯೇ ಅಭಯ ನೀಡುತ್ತದೆ.

ಈ ಹಾಡು ಹಾಸನ ಸೀಮೆಯವರಿಗೆ ಅಪರಿಚಿತ ಲೋಕವೊಂದರ ಕಲ್ಪನೆಯಾಗಿರಲಿಲ್ಲ. ಹೇಮಾವತಿಯ ದಡದ ಹೊಳೆನರಸೀಪುರ, ಹೇಮಾವತಿ ಮತ್ತು ಕಾವೇರಿಗಳ ನಡುವಣ ಅರಕಲಗೂಡು, ಬಯಲುಸೀಮೆಯ ಚನ್ನರಾಯಪಟ್ಟಣ ಇವೆಲ್ಲವೂ ದನಕರುಗಳನ್ನು ನಂಬಿದ ಬೇಸಾಯದ ನೆಲಗಳು. ಹಳ್ಳಿಕಾರ್ ತಳಿಗೆ ಹೆಸರಾದ ಪ್ರದೇಶದಲ್ಲಿ ಹಾಸನ ಜಿಲ್ಲೆಯೂ ಸೇರಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎನಿಸಿ, ಅದರ ಕಾವಲುಗಳು ಈ ಜಿಲ್ಲೆಯಲ್ಲಿಯೂ ಹರಡಿದ್ದವು. ಇಲ್ಲಿಯ ಮಗುವಿಗೆ ಹಾಡಿನ ದೊಡ್ಡಿ ತನ್ನ ಮನೆಯ ಕೊಟ್ಟಿಗೆಯೇ ಆಗಿತ್ತು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿ 2025ರಲ್ಲಿ ನಿಧನರಾದ ಎಸ್.ಎಲ್. ಭೈರಪ್ಪನವರು 1968ರಲ್ಲಿ ಪ್ರಕಟಿಸಿದ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಈ ಹಾಡಿನ ಮೊದಲ ಗಂಭೀರ ಮರುರೂಪಗಳಲ್ಲಿ ಒಂದು. ಅದರ ನಾಯಕನ ಹೆಸರೂ ಕಾಳಿಂಗನೇ. ಅಮೆರಿಕದಲ್ಲಿ ಕೃಷಿಯನ್ನು ಅಭ್ಯಸಿಸಿದ ಅವನು ಹಳ್ಳಿಗೆ ಮರಳಿ, ದನವನ್ನು ಲಾಭನಷ್ಟದ ಲೆಕ್ಕದಲ್ಲಿ ಕಾಣತೊಡಗುತ್ತಾನೆ. ಅವನ ಅಮೆರಿಕನ್ ಪತ್ನಿಗೆ ಹಸು ಒಂದು ಸಾಕುಪ್ರಾಣಿ ಮಾತ್ರ. ಹಳ್ಳಿಗೆ ಅದು ತಾಯಿ. ಹಸುವಿನ ಹತ್ಯೆಯಿಂದ ಈ ಎರಡು ನಂಬಿಕೆಗಳ ನಡುವಣ ಬಿರುಕು ಬಹಿರಂಗವಾಗುತ್ತದೆ.

ಹಾಡನ್ನೂ ಕಾದಂಬರಿಯನ್ನೂ ಎದುರುಬದುರಾಗಿ ಇರಿಸಿದರೆ ಎರಡು ಪಲ್ಲಟಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಾಡಿನಲ್ಲಿ ತಬ್ಬಲಿತನ ಕರುವಿನದು. ಕಾದಂಬರಿಯಲ್ಲಿ ಅದು ಮನುಷ್ಯನ ಪಾಲಿಗೆ ಬರುತ್ತದೆ. ಅವನಿಗೆ ಅಭಯ ನೀಡುವ ಮಂದೆ ಉಳಿದಿಲ್ಲ. ಎರಡನೆಯದಾಗಿ, ಹಾಡಿನ ಹಸು ಮಾತನಾಡುತ್ತದೆ. ಕಥೆಯೆಲ್ಲ ನಿಂತಿರುವುದೇ ಆ ಮಾತಿನ ಮೇಲೆ. ಕಾದಂಬರಿಯ ಹಸುವಿಗೆ ಮಾತಿಲ್ಲ, ಕಾಳಿಂಗನ ತಾಯಿಯೂ ಮೂಕಿ. ಮಾತು ಕಲಿತು ಬಂದ ಮಗ ಮಾತಿಲ್ಲದ ಇಬ್ಬರು ತಾಯಂದಿರ ಎದುರು ನಿಲ್ಲಬೇಕಾಗುತ್ತದೆ. ಬಾಲ್ಯದಲ್ಲಿ ಹಾಡನ್ನು ಕೇಳಿದ ಓದುಗರಿಗೆ ಈ ಮೌನ ವಿಶೇಷವಾಗಿ ತಟ್ಟುತ್ತದೆ.

‘ವಂಶವೃಕ್ಷ’ (1971) ಚಿತ್ರಕ್ಕಾಗಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿದ್ದ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು, ಭೈರಪ್ಪನವರ ಈ ಎರಡನೆಯ ಕಾದಂಬರಿಯನ್ನು 1977ರಲ್ಲಿ ತೆರೆಗೆ ತಂದರು. ಕನ್ನಡದಲ್ಲಿ ಅದು ಕಾದಂಬರಿಯ ಹೆಸರನ್ನೇ ಉಳಿಸಿಕೊಂಡಿತು. ಕುಲಭೂಷಣ್ ಖರ್ಬಂದಾ, ನಾಸಿರುದ್ದೀನ್ ಶಾ ಮೊದಲಾದವರು ಅಭಿನಯಿಸಿದ ಹಿಂದಿ ರೂಪಕ್ಕೆ ‘ಗೋಧೂಳಿ’ ಎಂದು ಹೆಸರಾಯಿತು. ವಸ್ತು ಒಂದೇ, ನಿರ್ದೇಶಕರೂ ಅವರೇ. ಆದರೂ ಶೀರ್ಷಿಕೆ ಬದಲಾದುದು ಅರ್ಥಪೂರ್ಣವಾಗಿದೆ.

ಕನ್ನಡದ ಶೀರ್ಷಿಕೆ ತಾಯಿಹಸು ಕರುವಿಗೆ ಹೇಳುವ ಮಾತು. ಹಾಡನ್ನು ಬಲ್ಲವರಿಗೆ ಚಿತ್ರ ಆರಂಭವಾಗುವ ಮೊದಲೇ ದೊಡ್ಡಿ, ಕರು, ಹುಲಿ, ಕೊಟ್ಟ ಮಾತು ಎಲ್ಲವೂ ಕಣ್ಮುಂದೆ ಬಂದಿರುತ್ತವೆ. ಹಿಂದಿಯ ಪ್ರೇಕ್ಷಕರಿಗೆ ಈ ಬಾಲ್ಯಸ್ಮೃತಿ ಇಲ್ಲ. ಸಂಜೆ ಮನೆಗೆ ಮರಳುವ ದನಗಳ ಕಾಲಿನಿಂದ ಏಳುವ ಧೂಳನ್ನು ಸೂಚಿಸುವ ‘ಗೋಧೂಳಿ’ ಭಾರತದ ಹಳ್ಳಿಗಳಿಗೆಲ್ಲ ಪರಿಚಿತವಾದ ಚಿತ್ರ. ಹಗಲು ಕಳೆದು ಇರುಳು ಬರುವ ಸಂಧಿಕಾಲವೂ ಅದರಲ್ಲಿ ಧ್ವನಿತವಾಗುತ್ತದೆ. ಒಂದು ಶೀರ್ಷಿಕೆ ಸಂಬಂಧವನ್ನು ಹೇಳಿದರೆ, ಇನ್ನೊಂದು ಹೊತ್ತನ್ನು ಹೇಳುತ್ತದೆ. ಆದುದರಿಂದ ‘ಗೋಧೂಳಿ’ಯಲ್ಲಿ ಹಾಡಿನ ಆರ್ದ್ರತೆ ಕಡಿಮೆಯೆಂದು ಆಕ್ಷೇಪಿಸುವುದು ಪೂರ್ಣ ನ್ಯಾಯವಲ್ಲ, ಕೊರತೆ ಇರುವುದು ಚಿತ್ರದಲ್ಲಿಯೋ ನೋಡುವವರ ನೆನಪಿನಲ್ಲಿಯೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಈ ಪ್ರಶ್ನೆ ಈಗ ಹಾಸನ ಸೀಮೆಯ ಒಳಗೂ ಪ್ರಸ್ತುತವಾಗಿದೆ. ಚಿತ್ರ ಬಂದ ಎರಡು ವರ್ಷಗಳ ಅನಂತರ, 1979ರಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ನಾಲೆಗಳು ಬೇಸಾಯದ ಸ್ವರೂಪವನ್ನು ಬದಲಿಸಿದವು. ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ವಹಿಸಿಕೊಂಡಿತು. ಹಾಸನ ಹಾಲು ಒಕ್ಕೂಟದ ಡೇರಿಗಳಿಗೆ ಹಾಲು ಹಾಕುವ ಮನೆಗಳಲ್ಲಿ ಮಿಶ್ರತಳಿಯ ಹಸುಗಳು ನೆಲೆಗೊಂಡವು. ಹಸುವನ್ನು ಲೀಟರಿನ ಲೆಕ್ಕದಲ್ಲಿ ಕಾಣುವ ಕಾಳಿಂಗನ ದೃಷ್ಟಿ, ಕಾದಂಬರಿಯಲ್ಲಿ ಹಳ್ಳಿಯನ್ನು ಬೆಚ್ಚಿಸಿದ್ದು, ಇಂದು ಅದೇ ಸೀಮೆಯ ರೈತರ ದಿನನಿತ್ಯದ ಜೀವನೋಪಾಯವಾಗಿದೆ. ಇದನ್ನು ಅಧಃಪತನವೆಂದು ಸುಲಭವಾಗಿ ತೀರ್ಮಾನಿಸುವಂತಿಲ್ಲ; ಹಾಲಿನ ಹಣದಿಂದಲೇ ಎಷ್ಟೋ ಮನೆಗಳ ಮಕ್ಕಳು ಓದಿದ್ದಾರೆ. ಆದರೆ ಮಂದೆಯೊಡನೆ ಕಾಡಿಗೆ ಹೋಗದ ಮಗುವಿಗೆ ಮೂಲದ ಹಾಡೂ ಇಂದು ಕೇಳಿದ ಕಥೆಯೇ ಹೊರತು ಕಂಡ ಬದುಕಲ್ಲ. ವಿ. ರವಿಶಂಕರ್ ನಿರ್ದೇಶನದ ಸಂಸ್ಕೃತ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ 2020ರಲ್ಲಿ ಬಂದಾಗ, ಕೆಲವು ಮಕ್ಕಳಿಗಾದರೂ ಅದೇ ಮೊದಲ ಪುಣ್ಯಕೋಟಿಯಾಗಿರಬಹುದು. ಅಂಥವರ ಪಾಲಿಗೆ ಮೂಲ ಮತ್ತು ಮರುರೂಪಗಳ ಕ್ರಮವೇ ತಿರುಗುಮುರುಗಾಗುತ್ತದೆ.

ಆದಕಾರಣ ಮರುರೂಪವನ್ನು ಅಳೆಯುವಾಗ ಮೂಲದ ಯಾವ ಭಾಗ ಬಿಟ್ಟುಹೋಯಿತು ಎಂಬ ಪಟ್ಟಿಯಷ್ಟೇ ಸಾಲದು. ಮೂಲವು ಎತ್ತಿದ ಪ್ರಶ್ನೆಯನ್ನು ಹೊಸ ಕೃತಿ ತನ್ನ ಕಾಲಕ್ಕೆ ಮತ್ತೆ ಎತ್ತಿತೇ ಎಂಬುದನ್ನು ನೋಡಬೇಕು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಹೇಗೆ, ತಬ್ಬಲಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಹಾಡಿನ ಎರಡು ಪ್ರಶ್ನೆಗಳಲ್ಲಿ ಎರಡನೆಯದನ್ನು ಭೈರಪ್ಪನವರ ಕಾದಂಬರಿಯೂ ಅದರ ಚಿತ್ರರೂಪಗಳೂ ಕೈಗೆತ್ತಿಕೊಂಡವು. ಹಾಡು ನೀಡಿದ ಸಮಾಧಾನವನ್ನು ಮಾತ್ರ ನೀಡಲಿಲ್ಲ. ಬಾಲ್ಯದ ಹಾಡನ್ನು ಪ್ರೀತಿಸುವವರಿಗೆ ಇದು ನೋವಿನ ಸಂಗತಿ. ಆ ನೋವು ಉಂಟಾಗುವುದು ಹಾಡು ಅವರಲ್ಲಿ ಇನ್ನೂ ಜೀವಂತವಾಗಿರುವುದರಿಂದ.