ಏಳು ಜನ ಕೂತ ಮೇಲೆ ಅದೇ ಕಾರಲ್ಲ

ಅಜ್ಜ, ಅಜ್ಜಿ, ಗಂಡ, ಹೆಂಡತಿ, ಮೂವರು ಮಕ್ಕಳು. ಇಂಥ ಮನೆಗೆ ಕಾರು ಕೊಳ್ಳುವಾಗ ಎರಡು ಬೇಡಿಕೆಗಳು ಎದುರುಬದುರಾಗುತ್ತವೆ. ಎಲ್ಲರಿಗೂ ಜಾಗ ಬೇಕು ಎನ್ನುವುದು ಮನೆಯವರ ಬೇಡಿಕೆ. ಓಡಿಸುವಾಗ ಹಿತವೆನಿಸಬೇಕು ಎನ್ನುವುದು ಓಡಿಸುವವರ ಬೇಡಿಕೆ. ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳೊಂದಿಗರು ಡ್ರೈವಿಂಗ್ ಸುಖದ ಮಾತಾಡುವುದು ಅಷ್ಟು ಗೌರವದ ವಿಷಯವಲ್ಲ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಓಡಿಸುವವರಿಗೆ ಹಿತವೆನಿಸುವ ಗುಣಗಳನ್ನು ಭೌತವಿಜ್ಞಾನದ ಭಾಷೆಯಲ್ಲಿ ಬರೆದು ನೋಡಿದರೆ, ಹಿಂದೆ ಕೂತವರನ್ನು ಸುರಕ್ಷಿತವಾಗಿ ಇಡುವ ಗುಣಗಳೂ ಬಹುಮಟ್ಟಿಗೆ ಅವೇ ಎಂದು ಗೊತ್ತಾಗುತ್ತದೆ.

ಷೋರೂಮಿನವರು ಕೊಡುವ ಟೆಸ್ಟ್ ಡ್ರೈವನ್ನು ಒಂದು ಪ್ರಯೋಗವೆಂದು ಭಾವಿಸಿ. ಕಾರಿನಲ್ಲಿ ಇಬ್ಬರು, ಸಮತಟ್ಟಾದ ನಗರದ ರಸ್ತೆ, ಹತ್ತು ನಿಮಿಷ. ನಮಗೆ ತಿಳಿಯಬೇಕಾದದ್ದು ಏಳು ಜನ ಮತ್ತು ಅವರ ಗಂಟುಮೂಟೆ ಹೊತ್ತ ಕಾರು ಆಗುಂಬೆಯ ತಿರುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಬೇರೆಯದೇ ಸ್ಥಿತಿಯಲ್ಲಿ ಅಳತೆ ಮಾಡಿ ಬಂದರೆ ನಾವು ಅದನ್ನು ಒಪ್ಪುವುದಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿದ ವ್ಯವಹಾರದಲ್ಲಿ ಮಾತ್ರ ಒಪ್ಪಿಬಿಡುತ್ತೇವೆ.

ಎರಡು ಪರಿಚಿತ ವಾಹನಗಳನ್ನು ತೆಗೆದುಕೊಳ್ಳೋಣ. ಒಂದು ಮಾರುತಿ ಎರ್ಟಿಗಾ. 2012ರಲ್ಲಿ ಬಂದದ್ದು, ಚಾಸಿ ಎಂದು ಬೇರೆ ಇಲ್ಲದೆ ಇಡೀ ಒಡಲೇ ಭಾರ ಹೊರುವ ರಚನೆ, ಎಂಜಿನ್ ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಇನ್ನೊಂದು ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ. ಅಲ್ಲಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂದವು. ಈ ಮೂರರಲ್ಲೂ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿ, ಹಿಂದಿನ ಗಾಲಿಗಳಿಗೆ ಚಾಲನೆ ಕೊಟ್ಟಿದ್ದಾರೆ. 2022ರ ಹೈಕ್ರಾಸ್ ಈ ಎರಡೂ ಪದ್ಧತಿಗಳನ್ನು ಬಿಟ್ಟು ಎರ್ಟಿಗಾದ ದಾರಿ ಹಿಡಿಯಿತು.

ಖಾಲಿ ಎರ್ಟಿಗಾ ಸುಮಾರು 1180 ಕಿ.ಗ್ರಾಂ, ಕ್ರಿಸ್ಟಾ ಸುಮಾರು 1850 ಕಿ.ಗ್ರಾಂ ತೂಗುತ್ತವೆ. ಮಕ್ಕಳೂ ಸೇರಿದಂತೆ ತಲೆಗೆ ಸರಾಸರಿ 60 ಕಿ.ಗ್ರಾಂ ಹಿಡಿದು, ಸಾಮಾನಿಗೆ 50 ಕಿ.ಗ್ರಾಂ ಸೇರಿಸಿದರೆ ಹೇರು 470 ಕಿ.ಗ್ರಾಂ ಆಗುತ್ತದೆ. ಚಾಲಕ ಒಬ್ಬನೇ ಇದ್ದಾಗಿನದಕ್ಕೆ ಹೋಲಿಸಿದರೆ ಎರ್ಟಿಗಾದ ದ್ರವ್ಯರಾಶಿ ಮೂರನೆಯ ಒಂದು ಭಾಗ ಹೆಚ್ಚಿತು. ಕ್ರಿಸ್ಟಾದ್ದು ಐದನೆಯ ಒಂದು ಭಾಗದಷ್ಟು ಮಾತ್ರ. ಎರ್ಟಿಗಾದ ಎಂಜಿನ್ ಸಾಮರ್ಥ್ಯ ಸುಮಾರು 75 ಕಿಲೋವಾಟ್, ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ನಿನದು 110 ಕಿಲೋವಾಟ್. ಟನ್ನಿಗೆ ಲೆಕ್ಕ ಹಾಕಿದರೆ ಚಾಲಕ ಒಬ್ಬನೇ ಇದ್ದಾಗ ಎರ್ಟಿಗಾ 60, ಕ್ರಿಸ್ಟಾ 57. ಏಳು ಜನ ಕೂತಾಗ ಎರ್ಟಿಗಾ 45, ಕ್ರಿಸ್ಟಾ 47. ಒಂಟಿಯಾಗಿ ಓಡಿಸಿ ನೋಡಿದವರಿಗೆ ಚುರುಕೆನಿಸಿದ ಕಾರು ಮನೆಮಂದಿ ಹತ್ತಿದೊಡನೆ ಹಿಂದೆ ಬಿತ್ತು.

ಆದರೆ ಸಾಮರ್ಥ್ಯದ ಕೊರತೆ ನಿಜವಾಗಿ ಕಾಡುವುದಿಲ್ಲ. 100 ಮೀಟರ್ ಸಾಗಿದರೆ 8 ಮೀಟರ್ ಮೇಲೇರುವ ಘಟ್ಟದ ರಸ್ತೆಯನ್ನು ಊಹಿಸಿಕೊಳ್ಳಿ. ತುಂಬಿದ ಎರ್ಟಿಗಾ ಅದನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ಏರಲು ಗುರುತ್ವದ ವಿರುದ್ಧ 18 ಕಿಲೋವಾಟ್ ಸಾಕು. ಟೈರಿನ ಉರುಳುವಿಕೆಗೆ ಮತ್ತು ಗಾಳಿಯ ತಡೆಗೆ ಇನ್ನು ನಾಲ್ಕು ಕೂಡಿಸಿ, 22 ಆಯಿತು. ಎಂಜಿನ್ನಿನ ಹತ್ತಿರ 75 ಇದೆ. ಹಾಗಿದ್ದೂ ಏದುಸಿರು ಏಕೆ?

ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ಕೋನವೇಗಗಳ ಗುಣಲಬ್ಧ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಕೋನವೇಗ ಸೆಕೆಂಡಿಗೆ 157 ರೇಡಿಯನ್. ಎರ್ಟಿಗಾದ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ 137 ನ್ಯೂಟನ್ ಮೀಟರ್. ಅದೂ ದೊರೆಯುವುದು 4400 ಸುತ್ತಿನಲ್ಲಿ. ಅದು 1500ರಲ್ಲೇ ಸಿಕ್ಕಿತು ಎಂದು ಉದಾರವಾಗಿ ಒಪ್ಪಿಕೊಂಡರೂ ಗುಣಲಬ್ಧ 21.5 ಕಿಲೋವಾಟ್ ಮಾತ್ರ. ಬೇಕಾದದ್ದು 22. ಗೇರು ಇಳಿಸಿ ಎಂಜಿನ್ನಿನ ಸುತ್ತು ಹೆಚ್ಚಿಸದೆ ಬೇರೆ ದಾರಿಯೇ ಇಲ್ಲ. ಕ್ರಿಸ್ಟಾದ ಡೀಸೆಲ್ ಎಂಜಿನ್ 1400 ಸುತ್ತಿನಿಂದಲೇ 343 ನ್ಯೂಟನ್ ಮೀಟರ್ ಕೊಡುತ್ತದೆ. 1500ರಲ್ಲಿ 54 ಕಿಲೋವಾಟ್ ಲಭ್ಯ. ಅದರ ಹೆಚ್ಚಿನ ತೂಕಕ್ಕೆ ಬೇಕಾದದ್ದು 31. ಡೀಸೆಲ್ ಕಾರು ಘಟ್ಟದಲ್ಲಿ ‘ಸಲೀಸು’ ಎನ್ನುವ ಮಾತಿನ ಅರ್ಥ ಇಷ್ಟೇ. ಗೇರು ಬದಲಿಸುತ್ತ ಎಂಜಿನ್ನಿನ ದನಿಯನ್ನು ಆಲಿಸುತ್ತ ಹತ್ತುವುದೇ ಡ್ರೈವಿಂಗ್ ಸುಖ ಎನ್ನುವವರಿಗೆ ಪೆಟ್ರೋಲ್ ಎಂಜಿನ್ ಇನ್ನೂ ಪ್ರಿಯವಾದೀತು. ನನ್ನ ಒಲವು ಆ ಕಡೆಗೇ. ಆದರೆ ಮೂರನೆಯ ಸಾಲಿನಲ್ಲಿ ನಿದ್ದೆ ಹೋದ ಮಗುವಿನ ಅಭಿಪ್ರಾಯ ಬೇರೆ ಇರಬಹುದು.

ಇನ್ನು ಸ್ಪ್ರಿಂಗುಗಳ ವಿಷಯ. ನನಗೆ ಇದೇ ಅತಿ ಮುಖ್ಯ ಎನಿಸುತ್ತದೆ. ಕಾರು ಕೊಳ್ಳುವವರು ಬಹುಪಾಲು ಕೇಳದೆ ಇರುವುದೂ ಇದನ್ನೇ. ಹೆಚ್ಚುವರಿ ಭಾರ ನಾಲ್ಕು ಗಾಲಿಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಮೂರನೆಯ ಸಾಲು ಹೆಚ್ಚುಕಡಿಮೆ ಹಿಂದಿನ ಆಕ್ಸಲ್ಲಿನ ಮೇಲೆಯೇ ಇರುತ್ತದೆ. ಡಿಕ್ಕಿ ಅದಕ್ಕೂ ಹಿಂದೆ. ಎರ್ಟಿಗಾದ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.74 ಮೀಟರ್. ಆಸನಗಳ ಸ್ಥಾನವನ್ನು ಅಂದಾಜು ಮಾಡಿ ಭ್ರಾಮಕಗಳ ಲೆಕ್ಕ ಹಾಕಿದರೆ, ಹಿಂದಿನ ಗಾಲಿಗಳ ಮೇಲಿನ ಭಾರ ಸುಮಾರು 520 ಕಿ.ಗ್ರಾಂನಿಂದ 860ಕ್ಕೆ ಏರುತ್ತದೆ. ಮುಂದಿನ ಗಾಲಿಗಳ ಮೇಲೆ ಹೆಚ್ಚುವುದು 70 ಕಿ.ಗ್ರಾಂ ಚಿಲ್ಲರೆ ಮಾತ್ರ.

ಖಾಲಿ ಕಾರಿನ ಹಿಂಭಾಗ ಸೆಕೆಂಡಿಗೆ 1.5 ಸಲ ಆಂದೋಲಿಸುವಂತೆ ಸ್ಪ್ರಿಂಗು ಜೋಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಸರಳ ಸಂಗತ ಚಲನೆಯ ಸೂತ್ರದಿಂದ ಸ್ಪ್ರಿಂಗಿನ ಬಲಾಂಕ ಮೀಟರಿಗೆ ಸುಮಾರು 46,000 ನ್ಯೂಟನ್ ಎಂದು ಬರುತ್ತದೆ. 340 ಕಿ.ಗ್ರಾಂ ಹೇರಿದರೆ ಕಾರಿನ ಹಿಂಬದಿ ಏಳು ಸೆಂಟಿಮೀಟರ್ ಕುಸಿಯುತ್ತದೆ. ಆವೃತ್ತಿ 1.2 ಹರ್ಟ್ಸಿಗೆ ಇಳಿಯುತ್ತದೆ. ಮೂರನೆಯ ಪರಿಣಾಮ ಇನ್ನೂ ಗಹನವಾದದ್ದು. ಶಾಕ್ ಅಬ್ಸಾರ್ಬರ್ ಆಂದೋಲನವನ್ನು ಅಡಗಿಸುವ ಪ್ರಮಾಣ, ಅಂದರೆ ಅವಮಂದನ ಅನುಪಾತ, ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮ. ಅದು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಇಬ್ಬರು ಕೂತಾಗ ಉಬ್ಬನ್ನು ದಾಟಿ ತಟ್ಟನೆ ನೆಲೆಗೊಳ್ಳುತ್ತಿದ್ದ ಕಾರು, ಏಳು ಜನರೊಂದಿಗೆ ಇನ್ನೂ ಒಂದೆರಡು ಸಲ ಮೇಲೆ ಕೆಳಗೆ ತೂಗುತ್ತದೆ. ಆ ತೂಗಾಟ ನಿಲ್ಲುವ ಮೊದಲೇ ತಿರುವು ಬಂದರೆ ಟೈರುಗಳ ಹಿಡಿತ ಗಳಿಗೆಗೊಂದು ರೀತಿ ಇರುತ್ತದೆ. ಓಡಿಸುವವರು ಇದನ್ನು ‘ಸ್ಟಿಯರಿಂಗಿನಲ್ಲಿ ನಂಬಿಕೆ ಬರುವುದಿಲ್ಲ’ ಎಂದು ಹೇಳುತ್ತಾರೆ.

ಗಡುಸು ಸ್ಪ್ರಿಂಗು ಹಾಕಿಬಿಟ್ಟರೆ? ಆಗ ಒಬ್ಬನೇ ಕಚೇರಿಗೆ ಹೋಗುವಾಗ ಕಾರು ಹಳೆಯ ಜೀಪಿನಂತೆ ಕುಪ್ಪಳಿಸುತ್ತದೆ. ಇಲ್ಲಿ ಭಾರವಾದ ಕಾರಿಗೆ ಅನುಕೂಲವಿದೆ: ಅದೇ ಹೇರು ಅದರ ಪಾಲಿಗೆ ಚಿಕ್ಕ ಭಿನ್ನಾಂಶ. ಕ್ರಮೇಣ ಗಡುಸಾಗುವ ಸ್ಪ್ರಿಂಗುಗಳೂ ಉಂಟು.

ಶಿಕ್ಷಕರಿಗೆ ಇದೊಂದು ಒಳ್ಳೆಯ ಪ್ರಯೋಗ. ಶಾಲೆಯ ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಹಿಂದಿನ ಗಾಲಿಯ ಮೇಲಿನ ಕಮಾನಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. ತೂಕ ಗೊತ್ತಿರುವ ನಾಲ್ಕು ಮಕ್ಕಳನ್ನು ಹಿಂದೆ ಕೂರಿಸಿ ಮತ್ತೆ ಅಳೆಯಿರಿ. ಕುಸಿತದಿಂದ ಬಲಾಂಕ, ಬಲಾಂಕದಿಂದ ಆವೃತ್ತಿ ಸಿಗುತ್ತದೆ. ಸ್ಪ್ರಿಂಗಿಗೆ ತೂಕದ ಬಿಲ್ಲೆ ನೇತುಹಾಕಿ ಮಾಡುವ ಪ್ರಯೋಗವೇ ಇದು. ಬಿಲ್ಲೆಗಳಿಗೆ ಮಾತ್ರ ಹೆಸರುಗಳಿವೆ.

ಈ ಕುಸಿತಕ್ಕೆ ಇನ್ನೊಂದು ಮುಖವಿದೆ. ಹಿಂಬದಿ ಏಳು ಸೆಂಟಿಮೀಟರ್, ಮುಂಬದಿ ಒಂದೂವರೆ ಸೆಂಟಿಮೀಟರ್ ತಗ್ಗಿದರೆ ಕಾರಿನ ಮೂತಿ ಸುಮಾರು 1.2 ಡಿಗ್ರಿ ಮೇಲೇಳುತ್ತದೆ. 50 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು ಒಂದು ಮೀಟರ್ ಮೇಲೆ ಬೀಳುತ್ತದೆ. ಎದುರಿನಿಂದ ಬರುವವರ ಕಣ್ಣಿಗೆ. ಇದನ್ನು ಸರಿಪಡಿಸಲೆಂದೇ ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಬಳಿ ಸೊನ್ನೆಯಿಂದ ಮೂರರವರೆಗೆ ಅಂಕಿಯಿರುವ ಪುಟ್ಟ ತಿರುಗಣೆ ಇರುತ್ತದೆ. ಹಾಗೆಯೇ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ತುಂಬಿದ ಕಾರಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಬರೆದಿರುತ್ತದೆ; ಹಿಂದಿನ ಟೈರುಗಳಿಗೆ ಸಾಮಾನ್ಯವಾಗಿ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷದ ಕೆಲಸ. ತಿರುವಿನಲ್ಲಿ ಹಿಂಬದಿ ಜಾರದೆ ನಿಲ್ಲಲು ಇದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ.

ಕಾರು ಮಗುಚುವ ಪ್ರಶ್ನೆಗೆ ಬರೋಣ. ಎಡಬಲ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಂತರ 1.5 ಮೀಟರ್, ಎತ್ತರ 0.68 ಮೀಟರ್ ಆದರೆ 1.1 ಬರುತ್ತದೆ. ಪಕ್ಕಕ್ಕೆ ಎಳೆಯುವ ಬಲ ವಾಹನದ ತೂಕದ 1.1 ಪಟ್ಟು ಆದಾಗ ಒಳಬದಿಯ ಗಾಲಿಗಳು ನೆಲ ಬಿಡುತ್ತವೆ. ಮೇಲೆ ಕ್ಯಾರಿಯರ್ ಕಟ್ಟಿ, 1.9 ಮೀಟರ್ ಎತ್ತರದಲ್ಲಿ 75 ಕಿ.ಗ್ರಾಂ ಸಾಮಾನು ಹೇರಿದರೆ ಗುರುತ್ವ ಕೇಂದ್ರ ಐದು ಸೆಂಟಿಮೀಟರ್ ಮೇಲೇರಿ ಅನುಪಾತ 1.02ಕ್ಕೆ ಇಳಿಯುತ್ತದೆ. ಒಣ ರಸ್ತೆಯಲ್ಲಿ ಟೈರು ಇದಕ್ಕೆ ಮೊದಲೇ ಜಾರುವುದರಿಂದ ಸಾಮಾನ್ಯವಾಗಿ ಮಗುಚುವುದಿಲ್ಲ. ಜಾರುತ್ತಿರುವ ಗಾಲಿ ಡಾಂಬರಿನ ಅಂಚಿಗೋ ಗುಂಡಿಗೋ ತಗುಲಿದರೆ ಆ ಭರವಸೆ ಉಳಿಯುವುದಿಲ್ಲ.

ಡಿಕ್ಕಿಯಲ್ಲಿಟ್ಟ ಸಾಮಾನೂ ನಿರುಪದ್ರವಿಯಲ್ಲ. ತಿರುಗುವುದಕ್ಕೆ ವಸ್ತು ತೋರುವ ಜಡತ್ವ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗುರುತ್ವ ಕೇಂದ್ರದಿಂದ 1.9 ಮೀಟರ್ ಹಿಂದಿರುವ 50 ಕಿ.ಗ್ರಾಂ, 1.3 ಮೀಟರ್ ಹಿಂದೆ ಕೂತ ಇಬ್ಬರು ಪ್ರಯಾಣಿಕರಿಗೆ ಹತ್ತಿರಹತ್ತಿರ ಸಮ. ಅಕ್ಕಿ ಚೀಲವನ್ನು ನಡುವಿನ ಸಾಲಿನ ಕಾಲಬುಡಕ್ಕೆ ತಂದಿಟ್ಟು ನೋಡಿ, ಸ್ಟಿಯರಿಂಗ್ ತಿರುಗಿಸಿದಾಗ ಕಾರು ಮಾತು ಕೇಳುವುದರಲ್ಲಿ ವ್ಯತ್ಯಾಸ ತಿಳಿಯುತ್ತದೆ.

20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೇಗೋ ದಾಟಬಹುದು. ಹಿಂದೆ ಕೂತ ಅಜ್ಜಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳಬೇಕಾಗುತ್ತದೆ. ಪಕ್ಕದ ವೇಗೋತ್ಕರ್ಷ ಗುರುತ್ವದ ಕಾಲುಭಾಗ ಮೀರದಿರಲು ವೇಗ 25 ಇರಬೇಕು. ಮಕ್ಕಳ ವಾಂತಿಯ ಲೆಕ್ಕವೂ ಇಲ್ಲೇ ಇದೆ. ಸೆಕೆಂಡಿಗೆ 0.2 ಸಲದ ಆಸುಪಾಸಿನ ನಿಧಾನದ ಅಲುಗಾಟ ಮನುಷ್ಯನಿಗೆ ಅತಿ ಹೆಚ್ಚು ಓಕರಿಕೆ ತರಿಸುತ್ತದೆ. ಘಟ್ಟದಲ್ಲಿ ಎಡಕ್ಕೆ ಬಲಕ್ಕೆ ಐದೈದು ಸೆಕೆಂಡಿಗೆ ಒಂದು ಆವರ್ತ ಎಂದರೆ ಅದೇ ಆವೃತ್ತಿ. ಚಾಲಕನಿಗೆ ವಾಂತಿ ಬರುವುದು ಅಪರೂಪ, ಏಕೆಂದರೆ ಮುಂದೇನಾಗುತ್ತದೆಂದು ಅವನ ಮೆದುಳಿಗೆ ಮೊದಲೇ ಗೊತ್ತು. ಮೂರನೆಯ ಸಾಲಿನ ಸಣ್ಣ ಕಿಟಕಿಯಿಂದ ರಸ್ತೆಯೇ ಕಾಣುವುದಿಲ್ಲ. ಕಾರು ನೋಡಲು ಹೋದಾಗ ಅಲ್ಲಿ ನೀವೇ ಕೂತು, ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ಹೊರಗೆ ನೋಡಿ.

ಏಳು ಆಸನದಲ್ಲಿ ಒಂಬತ್ತು ಜನ ಹೋಗುವ ನಮ್ಮ ರೂಢಿಯ ಬಗ್ಗೆ ಒಂದೇ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತರೆ, ತೊಡೆಯ ಮೇಲಿನ 15 ಕಿ.ಗ್ರಾಂ ಮಗುವನ್ನು ಹಿಡಿದಿಡಲು ಬೇಕಾದ ಬಲ ಎರಡು ಕ್ವಿಂಟಲ್ ಚೀಲವನ್ನು ಎತ್ತುವ ಬಲಕ್ಕಿಂತ ಹೆಚ್ಚು. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ಆಸನಗಳನ್ನು ಎಣಿಸುವಾಗ ಸೀಟ್ ಬೆಲ್ಟುಗಳನ್ನು ಎಣಿಸಿ.

ಎಲ್ಲರೂ ಒಟ್ಟಿಗೆ ಹೋಗುವುದು ವರ್ಷಕ್ಕೆ ನಾಲ್ಕೇ ಸಲವಾದರೆ ದೊಡ್ಡ ಕಾರು ಕೊಳ್ಳುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದ ದಿನಗಳಿಗೆ ಹಗುರವಾದ ಸಣ್ಣ ಕಾರು, ಆ ನಾಲ್ಕು ಸಲಕ್ಕೆ ಬಾಡಿಗೆ ವಾಹನ. ಡ್ರೈವಿಂಗ್ ಸುಖ ಮಾತ್ರ ಆ ದಿನ ಬಾಡಿಗೆ ಚಾಲಕನ ಪಾಲಾಗುತ್ತದೆ. ತಿಂಗಳಿಗೆ ಎರಡು ಸಲ ಊರಿಗೆ ಹೋಗುವವರ ಮಾತು ಬೇರೆ. ಮಲೆನಾಡಿನ ಮಣ್ಣುರಸ್ತೆಯ ಮನೆಯಾದರೆ ಹಿಂದಿನ ಗಾಲಿಗಳ ಚಾಲನೆಗೆ ಈಗಲೂ ಬೆಲೆಯಿದೆ. ತುಂಬಿದ ಎರ್ಟಿಗಾದಲ್ಲಿ ಮುಂದಿನ ಗಾಲಿಗಳ ಪಾಲಿನ ಭಾರ ಶೇಕಡಾ 58ರಿಂದ 48ಕ್ಕೆ ಇಳಿದಿರುತ್ತದೆ, ಏರಿನಲ್ಲಿ ಇನ್ನಷ್ಟು. ಮಳೆಗಾಲದ ಕೆಸರಿನ ಏರಿನಲ್ಲಿ ಅವು ಇದ್ದಲ್ಲೇ ಸುತ್ತತೊಡಗುವುದು ಅದಕ್ಕೆ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. 1650 ಕಿ.ಗ್ರಾಂ ವಾಹನ 500 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ 80 ಲಕ್ಷ ಜೂಲ್, ಅಂದರೆ ಒಂದು ಹಂಡೆಯ 25 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು. ಅಷ್ಟನ್ನೂ ಬ್ರೇಕಿನ ತಟ್ಟೆಗಳೇ ನುಂಗಬೇಕೆಂದರೆ ಅವು ಸೋಲುತ್ತವೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಲಾರಿ ಚಾಲಕರ ಮಾತು ಪೂರಾ ನಿಜ. 2025ರಲ್ಲಿ ನಮ್ಮಲ್ಲಿಗೆ ಬಂದ ಏಳು ಆಸನಗಳ ವಿದ್ಯುತ್ ಕಾರುಗಳು ಈ ಶಕ್ತಿಯ ಬಹುಪಾಲನ್ನು ಬ್ಯಾಟರಿಗೆ ಮರಳಿಸಬಲ್ಲವು. ಬ್ಯಾಟರಿ ನೆಲದಡಿ ಇರುವುದರಿಂದ ಗುರುತ್ವ ಕೇಂದ್ರವೂ ತಗ್ಗಿನಲ್ಲಿರುತ್ತದೆ. ಆದರೆ ತುಂಬಿದ ಬ್ಯಾಟರಿಯಲ್ಲಿ ಹೊಸ ಶಕ್ತಿಗೆ ಜಾಗವಿರುವುದಿಲ್ಲ. ಘಟ್ಟದ ಮೇಲಿನ ಊರಿನವರು ಬೆಳಗ್ಗೆ ಕರಾವಳಿಗೆ ಇಳಿಯುವುದಿದ್ದರೆ, ಹಿಂದಿನ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡದೆ ಹತ್ತು ಪಾಲು ಖಾಲಿ ಬಿಡುವುದು ಒಳ್ಳೆಯದು.