ಕಾಯಿಯ ತಳ, ಆಟದ ನ್ಯಾಯ

ಸಂಜೆ ಕೆಲಸ ಮುಗಿಸಿ ನಮ್ಮ ವಾಚನಾಲಯಕ್ಕೆ ಬರುವ ಮಹನೀಯರಲ್ಲಿ ಕೆಲವರು ಪತ್ರಿಕೆ ಮಡಿಸಿಟ್ಟು ಚದುರಂಗಕ್ಕೆ ಕೂರುವುದುಂಟು. ಈಚೆಗೆ ಆನೆಯೊಂದು ಎರಡು ಮನೆಗಳ ನಡುವಣ ಗೆರೆಯ ಮೇಲೆ ನಿಂತುದರಿಂದ ಇಬ್ಬರು ಹಳೆಯ ಗೆಳೆಯರು ಮಾತು ಬಿಟ್ಟಿದ್ದಾರೆ. ಆದುದರಿಂದ ಈ ನಾಲ್ಕು ಮಾತು.

ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ ಕಾಯಿಗಳಿಗೂ ಅಳತೆ ಹೇಳಿದೆ. ರಾಜನ ಎತ್ತರ ಸುಮಾರು 9.5 ಸೆಂ.ಮೀ.; ತಳದ ಅಗಲ ಎತ್ತರದ ಶೇಕಡ 40ರಿಂದ 50. ಮನೆಯ ಬದಿ ಪದಾತಿಯ ತಳದ ಎರಡರಷ್ಟಕ್ಕೆ ಕಡಿಮೆಯಿರಬಾರದು. ತಳ ಕಿರಿದಾದರೆ ಕಾಯಿ ಉರುಳುತ್ತದೆ. ಹಿರಿದಾದರೆ ಪಕ್ಕದ ಮನೆಗೆ ಚಾಚುತ್ತದೆ. ಆದ್ದರಿಂದಲೇ ಒಳ್ಳೆಯ ಕಾಯಿಗಳ ತಳದೊಳಗೆ ಲೋಹದ ತೂಕವಿಟ್ಟು, ಅಡಿಗೆ ಬಟ್ಟೆ ಅಂಟಿಸಿರುತ್ತಾರೆ.

ಓರೆಯಾಗಿ ನಿಂತ ಕಾಯನ್ನು ತನ್ನ ಸರದಿಯಲ್ಲಿ, "ಸರಿಪಡಿಸುತ್ತೇನೆ" ಎಂದು ಮೊದಲೇ ಹೇಳಿ ಮುಟ್ಟಬೇಕು. ಹೇಳದೆ, ನಡೆಸುವ ಉದ್ದೇಶದಿಂದ ಮುಟ್ಟಿದ ಕಾಯನ್ನು ನಡೆಸಲೇಬೇಕು. ಕೈತಾಗಿ ಉರುಳಿಸಿದವರು ತಮ್ಮ ಸಮಯದಲ್ಲೇ ಎತ್ತಿಡಬೇಕು. 2022ರಲ್ಲಿ ನಮ್ಮ ನೆರೆಯ ಮಾಮಲ್ಲಪುರದಲ್ಲಿ ನಡೆದ 44ನೆಯ ಒಲಿಂಪಿಯಾಡಿನಲ್ಲಿ ಘಟಾನುಘಟಿಗಳಿಗೂ ಇದೇ ಕಟ್ಟಳೆಯಿತ್ತು.

ಕಾಯನ್ನು ಮನೆಯ ನಟ್ಟನಡುವೆ ಇಡುವ ಅಭ್ಯಾಸ ಮಾಡಿಕೊಳ್ಳೋಣ. ಸಂದೇಹ ಬಂದರೆ ಮುಂದಿನ ನಡೆಗೆ ಮೊದಲೇ ಕೇಳೋಣ. ಊರು ಬಿಟ್ಟು ಬಂದ ನಮಗೆ ಇಲ್ಲಿ ಗೆಳೆಯರೇ ಬಂಧುಗಳು. ಆ ಇಬ್ಬರಿಗಾಗಿ ಹಲಗೆ ಕಾದಿದೆ.