ದಾಳ ಬೀಳುವ ಮುನ್ನ ಹೇಳಬೇಕಾದ ಕಟ್ಟಳೆ

ಕಳೆದ ಭಾನುವಾರ ಸಂಜೆ ಮಾಟುಂಗದ ಒಂದು ಕೋಣೆಯಲ್ಲಿ ನಮ್ಮ ತರುಣ ಮಿತ್ರರೈವರ ನಡುವೆ ವಿರಸವುಂಟಾಯಿತು. ಕಾರಣ ಹಣವಲ್ಲ, ರಾಜಕೀಯವೂ ಅಲ್ಲ. ಇಪ್ಪತ್ತು ಮುಖಗಳುಳ್ಳ ಒಂದು ದಾಳ. ಗುಮಾಸ್ತ ಮಿತ್ರನೊಬ್ಬನು ಎಂಟು ತಿಂಗಳಿಂದ ಅಕ್ಕರೆಯಿಂದ ಬೆಳೆಸಿಕೊಂಡು ಬಂದಿದ್ದ ಕತ್ತಿವೀರನ ಮೇಲೆ ಪಿಶಾಚಿಯೊಂದು ಎರಗಿತು. ದಾಳವು ಇಪ್ಪತ್ತನ್ನು ತೋರಿಸಿತು. “ಇಪ್ಪತ್ತು ಬಿದ್ದರೆ ತಲೆ ಹೋಯಿತೆಂದೇ ಲೆಕ್ಕ” ಎಂದು ಆಟ ನಡೆಸುವವನು ಆ ಕ್ಷಣದಲ್ಲಿ ಸಾರಿದನು. ಮಿತ್ರನು ಊಟಕ್ಕೂ ನಿಲ್ಲದೆ ಹೊರಟುಹೋದನು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಈ ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಇದು 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಪ್ರಕಟವಾಯಿತು. ಪ್ರತಿಯೊಬ್ಬ ಆಟಗಾರನೂ ವೀರನದೋ ಮಾಂತ್ರಿಕನದೋ ಪಾತ್ರವನ್ನು ವಹಿಸಿ ಮಾತನಾಡುತ್ತಾನೆ. ಉಳಿದ ಜಗತ್ತನ್ನೆಲ್ಲ ಸೂತ್ರಧಾರನೊಬ್ಬನು ನಿರ್ವಹಿಸುತ್ತಾನೆ. ವೇಷವಿಲ್ಲದೆ ಆಶುಮಾತಿನಿಂದಲೇ ಪಾತ್ರ ಕಟ್ಟುವುದರಲ್ಲಿ ಇದು ನಮ್ಮ ಕರಾವಳಿಯ ತಾಳಮದ್ದಳೆಯನ್ನು ನೆನಪಿಗೆ ತರುತ್ತದೆ. ಆದರೆ ಪ್ರಸಂಗದಲ್ಲಿ ಕರ್ಣನು ಮಡಿಯುವನೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರು ಉಳಿಯುವರೆಂಬುದನ್ನು ದಾಳವೇ ಹೇಳಬೇಕು.

ಗ್ರಂಥದ ನಿಯಮಗಳ ಮೇಲೆ ಪ್ರತಿ ಕೂಟವೂ ತನ್ನದೇ ಕಟ್ಟಳೆಗಳನ್ನು ಸೇರಿಸಿಕೊಳ್ಳುವುದುಂಟು. ಅದು ದೋಷವಲ್ಲ. ಗಾಯ ಮಾಯಿಸುವ ಮದ್ದನ್ನು ಕುಡಿಯಲು ಸರದಿಯ ಮುಖ್ಯ ಕ್ರಿಯೆಯನ್ನೇ ವ್ಯಯಿಸಬೇಕೆಂದು 2014ರ ಆವೃತ್ತಿಯಲ್ಲಿತ್ತು. ಅನೇಕ ಕೂಟಗಳು ಅದನ್ನು ಹಗುರಗೊಳಿಸಿಕೊಂಡವು. 2024ರ ಗ್ರಂಥದಲ್ಲಿ ಆ ಸಡಿಲಿಕೆಯೇ ನಿಯಮವಾಯಿತು. ಇಪ್ಪತ್ತು ಬಿದ್ದರೆ ಹೆಚ್ಚಿನ ಪೆಟ್ಟು ಎಂಬುದೂ ಮೊದಲು ಆಟಗಾರರ ಮನೆಯ ಕಟ್ಟಳೆಯೇ. ಗೈಗ್ಯಾಕ್ಸರು 1979ರ ಸೂತ್ರಧಾರರ ಕೈಪಿಡಿಯಲ್ಲಿ ಅದನ್ನು ವಿರೋಧಿಸಿದ್ದರು. ಈಗಿನ ಗ್ರಂಥದಲ್ಲಿ ಅದಕ್ಕೆ ಸ್ಥಾನವಿದ್ದರೂ ಪೆಟ್ಟಿನ ದಾಳಗಳು ಇಮ್ಮಡಿಯಾಗುವುವಷ್ಟೆ. ಸಾಮಾನ್ಯ ಆಯುಧದಿಂದ ತಲೆ ಹಾರುವುದಿಲ್ಲ.

ತಲೆ ಹಾರುವ ಕಟ್ಟಳೆ ವೀರರಿಗೂ ಪಿಶಾಚಿಗಳಿಗೂ ಸಮವಲ್ಲವೇ ಎಂದು ಸೂತ್ರಧಾರರು ಕೇಳುವರು. ಲೆಕ್ಕ ಹಾಕಿ ನೋಡೋಣ. ಒಂದು ಎಸೆತಕ್ಕೆ ಇಪ್ಪತ್ತರಲ್ಲಿ ಒಂದು ಸಂಭವ. ಎಂಟು ಪಿಶಾಚಿಗಳು ಒಂದೊಂದು ಸಲ ಎರಗಿದರೆ, ಒಂದಕ್ಕಾದರೂ ಇಪ್ಪತ್ತು ಬೀಳುವ ಸಂಭವ ಸುಮಾರು ಮೂರರಲ್ಲಿ ಒಂದು. ಪಿಶಾಚಿ ಒಂದು ಕಾಳಗಕ್ಕಾಗಿ ಹುಟ್ಟಿದ್ದು. ಅದು ಸತ್ತರೆ ಅಳುವವರಿಲ್ಲ. ವೀರನಾದರೋ ತಿಂಗಳುಗಟ್ಟಲೆ ಪೆಟ್ಟುಗಳಿಗೆ ಮೈಯೊಡ್ಡಬೇಕಾದವನು. ಸಮವೆಂದು ತೋರುವ ಕಟ್ಟಳೆಯ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ.

ಇಷ್ಟಾದರೂ ಐವರೂ ಒಪ್ಪಿದ್ದರೆ ನಮ್ಮ ತಕರಾರಿಲ್ಲ. ಹೊಟೇಲಿನ ದರದ ಹಲಗೆ ಗಿರಾಕಿಯ ಕಣ್ಣಿಗೆ ಮೊದಲೇ ಬೀಳುವಂತೆ ತೂಗುತ್ತಿರುತ್ತದೆ. ತಿಂದ ಮೇಲೆ ದರ ಹೇಳುವಲ್ಲಿಗೆ ಎರಡನೆಯ ಸಲ ಯಾರೂ ಹೋಗರು. ಮೊದಲ ಕಾಳಗಕ್ಕೆ ಮುಂಚೆಯೇ ಕುಳಿತು, ಮರಣ ಹೇಗೆ, ಕಠಿಣವೆಷ್ಟು, ಬಾರದವನ ಪಾತ್ರದ ಗತಿಯೇನು ಎಂಬುದನ್ನೆಲ್ಲ ಬರೆದಿಡಬೇಕು. ಹೊಸ ಕಟ್ಟಳೆಯನ್ನು ಮೂರು ಬೈಠಕ್ಕುಗಳ ಮಟ್ಟಿಗೆ ಪರೀಕ್ಷೆಗಿಟ್ಟು, ರುಚಿಸದಿದ್ದರೆ ತೆಗೆದುಹಾಕಬೇಕು.

ಕೆಲವು ಸೂತ್ರಧಾರರು ಪರದೆಯ ಹಿಂದೆ ದಾಳ ಎಸೆದು, ಕರುಣೆಯಿಂದ ಸಂಖ್ಯೆಯನ್ನು ಬದಲಿಸಿ ಹೇಳುವರು. ಉದ್ದೇಶ ಒಳ್ಳೆಯದಿರಬಹುದು, ಸಿಕ್ಕಿಬಿದ್ದ ದಿನ ಮಾತ್ರ ಶಕುನಿಯೆಂಬ ಹೆಸರು ತಪ್ಪದು. ವೀರನನ್ನು ಕೊಲ್ಲಲು ಮನಸ್ಸಿಲ್ಲದಿದ್ದರೆ ಪಿಶಾಚಿಯು ಅವನನ್ನು ಸೆರೆಹಿಡಿಯಲಿ, ಒತ್ತೆಹಣ ಕೇಳಲಿ. ದಾಳವನ್ನೇ ಎಸೆಯದಿರುವ ಅಧಿಕಾರ ಸೂತ್ರಧಾರನಿಗಿದ್ದೇ ಇದೆ. ಎಸೆದ ಮೇಲೆ ಬಿದ್ದದ್ದು ಬಿದ್ದಂತೆಯೇ.

ಮಾಟುಂಗದ ಕೋಣೆಯ ಗೋಡೆಗೆ ಈಗ ಏಳು ಕಟ್ಟಳೆಗಳ ಕಾಗದವೊಂದನ್ನು ಅಂಟಿಸಿದ್ದಾರೆ. ಮುನಿದ ಮಿತ್ರನು ಬರುವ ಭಾನುವಾರ ಬರುತ್ತೇನೆಂದಿದ್ದಾನೆ. ಕತ್ತಿವೀರನ ತಲೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.